ಮೊದಲ ಓಟಕ್ಕೆ ಹತ್ತು ವಾರಗಳ ಸಿದ್ಧತೆ

ನಮ್ಮ ಭಾಗದ ಸದ್ಭಕ್ತರಿಗೆ ನಡಿಗೆ ಹೊಸದಲ್ಲ. ಯುಗಾದಿಯ ಮುನ್ನ ಶ್ರೀಶೈಲಕ್ಕೆ, ರಥೋತ್ಸವದ ವೇಳೆ ಕೊಟ್ಟೂರಿಗೆ ಪಾದಯಾತ್ರೆ ಹೊರಡುವವರು ಹಗಲಿರುಳೆನ್ನದೆ ನಡೆಯುತ್ತಾರೆ. ಹಾಗೆ ನಡೆದು ಬಂದವರನ್ನೇ ಮೈದಾನದಲ್ಲಿ ಐದು ನಿಮಿಷ ಓಡಲು ಹೇಳಿದರೆ ಎರಡನೆಯ ನಿಮಿಷಕ್ಕೆ ಏದುಸಿರು, ಮೂರನೆಯ ನಿಮಿಷಕ್ಕೆ ಪಕ್ಕೆ ಹಿಡಿದ ನೋವು. ‘ಓಟ ನಮ್ಮಂಥವರಿಗಲ್ಲ’ ಎಂದು ಅನೇಕರು ಅಲ್ಲಿಗೇ ಕೈಬಿಡುತ್ತಾರೆ. ವಾಸ್ತವವಾಗಿ ಇದು ದೇಹದ ದೌರ್ಬಲ್ಯವಲ್ಲ. ಓಟವನ್ನು ಆರಂಭಿಸುವ ಕ್ರಮ ತಿಳಿಯದಿರುವುದೇ ಇದಕ್ಕೆ ಕಾರಣ.

ಇಂದು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಜನರಿಗೆ ಓಟದ ಅವಕಾಶಗಳು ಹೆಚ್ಚಿವೆ. ಜಾಗೃತಿಗಾಗಿ 5 ಕಿ.ಮೀ. ಓಟಗಳು ನಡೆಯುತ್ತವೆ. ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟವಿದೆ. ಪೊಲೀಸ್ ಇಲಾಖೆಗೆ ಸೇರಬಯಸುವವರಿಗೆ ಓಟದ ಪರೀಕ್ಷೆಯಿದೆ. ಜನರು ಎಲ್ಲ ಜಾಗೃತಿ ಓಟಗಳನ್ನೂ ಮ್ಯಾರಥಾನ್ ಎಂದೇ ಕರೆಯುವುದುಂಟು. ಆದರೆ ಮ್ಯಾರಥಾನಿನ ದೂರ 42.195 ಕಿ.ಮೀ.; ಅದು ವರ್ಷಗಳ ಸಾಧನೆ. 5 ಕಿ.ಮೀ. ಎಂದರೆ 400 ಮೀಟರಿನ ಕ್ರೀಡಾಂಗಣದಲ್ಲಿ ಹನ್ನೆರಡೂವರೆ ಸುತ್ತು. ಆರೋಗ್ಯವಂತರಾದ ಬಹುಪಾಲು ಜನರು ಹತ್ತು ವಾರಗಳಲ್ಲಿ ಇದಕ್ಕೆ ಸಿದ್ಧರಾಗಬಹುದು. ಆ ಸಿದ್ಧತೆಯನ್ನು ಈ ಸಂಚಿಕೆಯಲ್ಲಿ ವಿವರಿಸುತ್ತೇವೆ.

ಅವಸರದ ಬೆಲೆ

ಸಿರುಗುಪ್ಪ ತಾಲ್ಲೂಕಿನ ಒಬ್ಬ ಯುವಕನನ್ನು ನಾವು ಬಲ್ಲೆವು. ಕಾನ್‌ಸ್ಟೆಬಲ್ ಹುದ್ದೆಯ ಲಿಖಿತ ಪರೀಕ್ಷೆಯಲ್ಲಿ ಅವನು ಉತ್ತೀರ್ಣನಾಗಿದ್ದ. ದೈಹಿಕ ಪರೀಕ್ಷೆಗೆ ಒಂದು ತಿಂಗಳು ಉಳಿದಿದ್ದಾಗ ಅಣ್ಣನ ಹಳೆಯ ಬೂಟು ತೊಟ್ಟು ಡಾಂಬರು ರಸ್ತೆಯಲ್ಲಿ ದಿನಾಲೂ ಶಕ್ತಿಮೀರಿ ಓಡತೊಡಗಿದ. ಎರಡು ವಾರ ಎಲ್ಲವೂ ಸರಿಯಿತ್ತು. ದಿನದಿಂದ ದಿನಕ್ಕೆ ಉಸಿರು ಹಗುರಾಗಿ ವೇಗವೂ ಹೆಚ್ಚಿತು. ಮೂರನೆಯ ವಾರ ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಎಲುಬಿನಲ್ಲಿ ನೋವು ಕಾಣಿಸಿಕೊಂಡಿತು. ನೋವಿನ ಮಾತ್ರೆ ನುಂಗಿ ಓಡಿದ. ಪರೀಕ್ಷೆಯ ದಿನ ಎರಡನೆಯ ಸುತ್ತಿನಲ್ಲಿಯೇ ಕುಂಟುತ್ತ ಹೊರಬಂದ. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ವರ್ಷಗಟ್ಟಲೆ ಓದಿ ಗಳಿಸಿದ ಅವಕಾಶವು ಒಂದು ತಿಂಗಳ ಅವಸರದಿಂದ ಕೈತಪ್ಪಿತು.

ಅವನು ಸೋಮಾರಿಯಾಗಿರಲಿಲ್ಲ, ಅಶಕ್ತನೂ ಅಲ್ಲ. ಶ್ರದ್ಧೆ ಹೆಚ್ಚಾಗಿದ್ದುದರಿಂದಲೇ ಬಿದ್ದ. ಆರಂಭಿಕರಲ್ಲಿ ಇಂಥ ಪೆಟ್ಟು ಏಕೆ ಸಾಮಾನ್ಯವೆಂಬುದನ್ನು ಮೊದಲು ಅರಿಯೋಣ.

ದೇಹದೊಳಗೆ ನಡೆಯುವುದೇನು

ನಡೆಯುವಾಗ ಒಂದಿಲ್ಲೊಂದು ಪಾದ ಸದಾ ನೆಲದ ಮೇಲಿರುತ್ತದೆ. ಓಡುವಾಗ ಎರಡೂ ಪಾದಗಳು ಕ್ಷಣಕಾಲ ನೆಲ ಬಿಡುತ್ತವೆ. ಪ್ರತಿ ಹೆಜ್ಜೆಯೂ ಒಂದು ಸಣ್ಣ ಜಿಗಿತ. ಇಳಿಯುವ ಪಾದದ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಮೈಲಿಗಟ್ಟಲೆ ನಡೆಯಬಲ್ಲ ಕಾಲಿಗೂ ಈ ಭಾರ ಹೊಸದು.

ಅಭ್ಯಾಸಕ್ಕೆ ದೇಹದ ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಹೊಂದಿಕೊಳ್ಳುವುದಿಲ್ಲ. ಹೃದಯ ಮತ್ತು ರಕ್ತಪರಿಚಲನೆ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಸ್ನಾಯುಗಳು ಅವುಗಳ ಹಿಂದೆಯೇ ಬರುತ್ತವೆ. ಎಲುಬು ಮತ್ತು ಸ್ನಾಯುರಜ್ಜುಗಳಿಗೆ ಮಾತ್ರ ತಿಂಗಳುಗಳೇ ಬೇಕು. ಹಳೆಯ ಗೋಡೆಗೆ ಹೊಸ ಗಾರೆ ಹಾಕುವ ಮುನ್ನ ಸಡಿಲವಾದುದನ್ನು ಕೆತ್ತಿ ತೆಗೆಯುವಂತೆ, ಎಲುಬು ಗಟ್ಟಿಯಾಗುವ ಮೊದಲು ಹಳೆಯ ಕಣಗಳನ್ನು ಕರಗಿಸಿಕೊಳ್ಳುತ್ತದೆ. ಆಮೇಲೆ ಹೊಸದನ್ನು ತುಂಬಿಕೊಳ್ಳುತ್ತದೆ. ಈ ನಡುವಣ ಅವಧಿಯಲ್ಲಿ ಅದು ಮೊದಲಿಗಿಂತ ತುಸು ದುರ್ಬಲವಾಗಿರುತ್ತದೆ. ಆ ಯುವಕನ ಉಸಿರು ‘ಓಡು’ ಎನ್ನುತ್ತಿದ್ದಾಗ ಅವನ ಎಲುಬು ‘ತಾಳು’ ಎನ್ನುತ್ತಿತ್ತು. ಉಸಿರಿನ ಮಾತು ಬೇಗ ಕೇಳಿಸುತ್ತದೆ. ಎಲುಬಿನ ಮಾತು ನೋವಾಗಿ ತಡವಾಗಿ ಕೇಳಿಸುತ್ತದೆ.

ಗರಡಿಮನೆಯ ವಸ್ತಾದರು ಹೊಸ ಹುಡುಗನನ್ನು ಬಂದ ದಿನವೇ ಕುಸ್ತಿಗೆ ಇಳಿಸುವುದಿಲ್ಲ. ಕೆಲಕಾಲ ಮಣ್ಣು ಹದ ಮಾಡಿಸಿ, ಬಸ್ಕಿ ಹೊಡೆಸಿ, ಆನಂತರವೇ ಪಟ್ಟು ಕಲಿಸುತ್ತಾರೆ. ಓಟಕ್ಕೂ ಇದೇ ನೀತಿ ಸಲ್ಲುತ್ತದೆ.

ವೈದ್ಯರನ್ನು ಕಾಣಬೇಕಾದವರು

ನಡೆಯುವಾಗ ಅಥವಾ ಮೆಟ್ಟಿಲೇರುವಾಗ ಎದೆ ಬಿಗಿಯುವವರು, ತಲೆ ಸುತ್ತಿ ಬಿದ್ದ ಅನುಭವವುಳ್ಳವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹಠಾತ್ತನೆ ತೀರಿಕೊಂಡವರಿರುವವರು, ರಕ್ತದೊತ್ತಡ, ಮಧುಮೇಹ, ಉಬ್ಬಸ ಇರುವವರು, ಗರ್ಭಿಣಿಯರು, ನಲವತ್ತು ದಾಟಿ ಬಹುಕಾಲದಿಂದ ಶ್ರಮದ ಕೆಲಸ ಮಾಡದವರು ವೈದ್ಯರ ಸಲಹೆ ಪಡೆಯದೆ ಓಟ ಆರಂಭಿಸಬಾರದು. ಬೇಗ ದಣಿಯುವ ಹೆಣ್ಣುಮಕ್ಕಳು ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣವನ್ನು ಪರೀಕ್ಷಿಸಿಕೊಳ್ಳುವುದು ಒಳಿತು. ದಣಿವಿಗೆ ರಕ್ತಹೀನತೆಯೇ ಕಾರಣವಾಗಿದ್ದರೆ ಅಭ್ಯಾಸದಿಂದ ಅದು ನೀಗದು. ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಿಗೆ ಓಡುವಾಗ ಸಕ್ಕರೆಯಂಶ ತೀರಾ ಇಳಿಯಬಹುದು. ಅವರು ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟುಕೊಂಡೇ ಹೊರಡಬೇಕು.

ಋತು, ವೇಳೆ, ನೆಲ

ಬಳ್ಳಾರಿಯ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹೊಸಬರು ಓಟ ಕಲಿಯಲು ಅದು ತಕ್ಕ ಕಾಲವಲ್ಲ. ಸೆಪ್ಟೆಂಬರಿನಲ್ಲಿ ಆರಂಭಿಸಿದರೆ ನವೆಂಬರ್‌ನಿಂದ ಫೆಬ್ರವರಿವರೆಗಿನ ತಂಪಿನ ದಿನಗಳಲ್ಲಿ ಮೊದಲ ಓಟಕ್ಕೆ ಸಿದ್ಧರಾಗಿರಬಹುದು. ಬೇಸಿಗೆಯಲ್ಲಿಯೇ ಓಡಬೇಕಾದ ಅನಿವಾರ್ಯತೆ ಇರುವವರು ಮೊದಲ ಎರಡು ವಾರ ಅರ್ಧದಷ್ಟೇ ಅಭ್ಯಾಸ ಮಾಡಬೇಕು. ಬಿಸಿಗೆ ದೇಹ ಹೊಂದಿಕೊಳ್ಳಲು 10ರಿಂದ 14 ದಿನಗಳು ಬೇಕು.

ಸೂರ್ಯೋದಯಕ್ಕೆ ಮುನ್ನಿನ ವೇಳೆ ಎಲ್ಲಕ್ಕಿಂತ ಉತ್ತಮ. ಸಂಜೆ ಬಿಸಿಲು ಇಳಿದರೂ ಬಿಸಿ ಇಳಿದಿರುವುದಿಲ್ಲ. ಬಳ್ಳಾರಿ ಗುಡ್ಡ, ಕುರುಗೋಡಿನ ಬೆಟ್ಟಗಳ ಬಂಡೆಗಳು ಹಗಲಿನ ಕಾವನ್ನು ರಾತ್ರಿಯವರೆಗೂ ಉಗುಳುತ್ತಿರುತ್ತವೆ. ಡಾಂಬರು ರಸ್ತೆಯೂ ಹಾಗೆಯೇ.

ಎಲ್ಲಿ ಓಡಬೇಕೆಂಬುದನ್ನು ಅವರವರ ಊರಿಗೆ ತಕ್ಕಂತೆ ಯೋಚಿಸಬೇಕು. ಬಳ್ಳಾರಿ ನಗರದವರಿಗೆ ಜಿಲ್ಲಾ ಕ್ರೀಡಾಂಗಣ ಅಥವಾ ಶಾಲಾ ಕಾಲೇಜುಗಳ ಮಣ್ಣಿನ ಮೈದಾನ ಲೇಸು. ಲಾರಿಗಳು ಓಡಾಡುವ ಹೆದ್ದಾರಿಯ ಅಂಚು ಬೇಡ. ಅಲ್ಲಿ ಅಪಾಯವೂ ಉಂಟು, ಶ್ವಾಸಕೋಶಕ್ಕೆ ಧೂಳೂ ಉಂಟು. ಸಿರುಗುಪ್ಪದವರಿಗೆ ಕಾಲುವೆಯ ಬದಿಯ ಮಣ್ಣಿನ ದಾರಿಗಳಿವೆ. ಆದರೆ ಅದು ಎರೆ ಭೂಮಿ. ಮಳೆ ಬಂದ ಮರುದಿನ ಮಣ್ಣು ಬೂಟಿಗೆ ಮೆತ್ತಿಕೊಂಡು ಕಾಲು ಜಾರುತ್ತದೆ, ಹಿಮ್ಮಡಿ ಹೊರಳುತ್ತದೆ. ಅಂದು ಓಟವನ್ನು ಬಿಡಬೇಕು. ಸುಗ್ಗಿಯಲ್ಲಿ ರಸ್ತೆಯ ಅರ್ಧಭಾಗದಲ್ಲಿ ಭತ್ತ ಒಣಗುತ್ತಿರುವುದರಿಂದ ವಾಹನಗಳೆಲ್ಲ ಉಳಿದರ್ಧಕ್ಕೆ ನುಗ್ಗುತ್ತವೆ ಎಂಬ ಎಚ್ಚರವೂ ಇರಲಿ. ನೀರು ನಿಂತ ಗದ್ದೆಗಳ ನಡುವೆ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಬೇಗ ಆರುವುದಿಲ್ಲ. ಆದ್ದರಿಂದ ಉಷ್ಣತೆ ಅಷ್ಟೇ ಇದ್ದರೂ ದಣಿವು ಹೆಚ್ಚೆನಿಸುತ್ತದೆ. ಕುರುಗೋಡಿನವರು ಆರಂಭದಲ್ಲಿ ಬೆಟ್ಟದ ಏರುದಾರಿಗಳಿಗೆ ಹೋಗದೆ ಊರಿನ ಸಮತಟ್ಟು ಬಯಲನ್ನು ಆರಿಸಿಕೊಳ್ಳಬೇಕು. ಇಳಿಜಾರಿನ ಓಟವು ಏರಿಗಿಂತ ಹಗುರವೆನಿಸಿದರೂ ಮೊಣಕಾಲಿಗೆ ಹೆಚ್ಚು ಪೆಟ್ಟು ಕೊಡುತ್ತದೆ.

ನಸುಕಿನಲ್ಲಿ ಇಬ್ಬರು ಮೂವರು ಕೂಡಿ ಓಡುವುದು ಎಲ್ಲರಿಗೂ, ವಿಶೇಷವಾಗಿ ತಾಯಂದಿರಿಗೆ ಕ್ಷೇಮಕರ. ಬಿಳಿಯ ಅಥವಾ ಹೊಳೆಯುವ ಬಣ್ಣದ ಬಟ್ಟೆ ಇರಲಿ. ರಸ್ತೆಯಲ್ಲಿ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಬೇಕು. ಬೀದಿನಾಯಿಗಳು ಬೊಗಳಿದರೆ ವೇಗ ಹೆಚ್ಚಿಸಬಾರದು. ಓಟ ನಿಲ್ಲಿಸಿ, ಶಾಂತವಾಗಿ ನಡೆದು ದಾಟಿ ಮುಂದೆ ಹೋಗಬೇಕು.

ಬೂಟು ಮತ್ತು ಬಟ್ಟೆ

ಓಟಕ್ಕೆ ಬೇಕಾದ ಮುಖ್ಯ ಖರ್ಚೆಂದರೆ ಒಂದು ಜೊತೆ ಬೂಟು. ದುಬಾರಿಯದೇ ಆಗಬೇಕಿಲ್ಲ. ಓಟಕ್ಕೆಂದು ತಯಾರಾದ, ಅಡಿ ಸವೆಯದ, ತಮ್ಮ ಕಾಲಿನ ಅಳತೆಯ ಬೂಟಾದರೆ ಸಾಕು. ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಸಂಜೆ ಪಾದ ತುಸು ಊದಿಕೊಂಡಿರುವುದರಿಂದ ಬೂಟನ್ನು ಸಂಜೆಯೇ ಕೊಳ್ಳುವುದು ಜಾಣತನ. ಬಟ್ಟೆ ಸಡಿಲವಾಗಿ, ಹಗುರವಾಗಿರಲಿ. ಹೆಣ್ಣುಮಕ್ಕಳು ಚೂಡಿದಾರ ಧರಿಸಿಯೂ ಓಡಬಹುದು. ದುಪಟ್ಟಾವನ್ನು ಭದ್ರವಾಗಿ ಕಟ್ಟಿಕೊಳ್ಳಬೇಕು ಅಥವಾ ಮನೆಯಲ್ಲಿಯೇ ಬಿಡಬೇಕು.

ಹತ್ತು ವಾರಗಳ ಕ್ರಮ

ವಾರಕ್ಕೆ ಮೂರು ದಿನ ಮಾತ್ರ ಓಟ. ಎರಡು ಓಟಗಳ ನಡುವೆ ಕನಿಷ್ಠ ಒಂದು ದಿನದ ಅಂತರ ಇರಲೇಬೇಕು. ಎಲುಬು ಬಲಗೊಳ್ಳುವುದು ವಿಶ್ರಾಂತಿಯಲ್ಲಿ. ಓಡದ ದಿನ ನಡೆಯಬಹುದು. ವಾರಕ್ಕೆರಡು ದಿನ ನಿಧಾನವಾಗಿ 10 ಬಸ್ಕಿ, ಗೋಡೆ ಹಿಡಿದು 15 ಬಾರಿ ಹಿಮ್ಮಡಿ ಎತ್ತಿ ಇಳಿಸುವುದು, ಇವನ್ನು ಎರಡೆರಡು ಸಲ ಮಾಡಿದರೆ ತೊಡೆ ಮತ್ತು ಮೀನಖಂಡಗಳು ಗಟ್ಟಿಯಾಗುತ್ತವೆ.

ಪ್ರತಿ ಸಲ ಮೊದಲು 5 ನಿಮಿಷ ಚುರುಕಾಗಿ ನಡೆಯಬೇಕು, ಕೊನೆಗೆ 5 ನಿಮಿಷ ನಿಧಾನವಾಗಿ ನಡೆಯಬೇಕು. ನಡುವೆ ಓಟ ಮತ್ತು ನಡಿಗೆ ಒಂದರ ನಂತರ ಒಂದು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಅವರು ಆ ದಶಕದಿಂದಲೇ ಹೊಸಬರಿಗೆ ಈ ಓಡು-ನಡೆ ಪದ್ಧತಿಯನ್ನು ಕಲಿಸಿ ಪ್ರಚಾರಕ್ಕೆ ತಂದರು. ನಡುವೆ ನಡೆಯುವುದು ಸೋಲಲ್ಲ, ಅದೂ ಅಭ್ಯಾಸದ ಭಾಗವೇ. ನಾವು ಸೂಚಿಸುವ ಕ್ರಮ ಹೀಗಿದೆ:

1 ಮತ್ತು 2ನೆಯ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 8 ಸಲ.

3 ಮತ್ತು 4ನೆಯ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ, 7 ಸಲ.

5ನೆಯ ವಾರ: 3 ನಿಮಿಷ ಓಟ, 2 ನಿಮಿಷ ನಡಿಗೆ, 6 ಸಲ.

6ನೆಯ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ, 6 ಸಲ. ಇದು ಬೇಕೆಂದೇ ಇಳಿಸಿದ ವಾರ. ಉತ್ಸಾಹ ಹೆಚ್ಚಿದ್ದರೂ ಇದನ್ನು ದಾಟಬಾರದು.

7 ಮತ್ತು 8ನೆಯ ವಾರ: 5 ನಿಮಿಷ ಓಟ, 2 ನಿಮಿಷ ನಡಿಗೆ, ಮೊದಲು 4 ಸಲ, ಬಳಿಕ 5 ಸಲ.

9ನೆಯ ವಾರ: 8 ನಿಮಿಷ ಓಟ, 2 ನಿಮಿಷ ನಡಿಗೆ, 3 ಸಲ.

10ನೆಯ ವಾರ: ಆರಂಭದ ಎರಡು ದಿನ 5 ನಿಮಿಷ ಓಟ, 2 ನಿಮಿಷ ನಡಿಗೆ, 3 ಸಲ ಮಾತ್ರ. ನಂತರ ಎರಡು ದಿನ ವಿಶ್ರಾಂತಿ. ಆಮೇಲೆ 5 ಕಿ.ಮೀ. ಓಟ.

ಯಾವುದೇ ವಾರ ಕಷ್ಟವೆನಿಸಿದರೆ ಅದನ್ನೇ ಪುನಃ ಮಾಡಬೇಕು. ಹತ್ತು ವಾರ ಹನ್ನೆರಡಾದರೆ ನಷ್ಟವೇನೂ ಇಲ್ಲ.

ವೇಗವೆಷ್ಟಿರಬೇಕು? ಅದಕ್ಕೆ ಗಡಿಯಾರ ಬೇಡ, ಮಾತೇ ಅಳತೆ. ಓಡುತ್ತಲೇ ಜೊತೆಗಾರರೊಡನೆ ಒಂದು ಪೂರ್ಣ ವಾಕ್ಯ ಆಡಲು ಸಾಧ್ಯವಾಗಬೇಕು. ಎರಡು ಪದಕ್ಕೇ ಉಸಿರು ಕಡಿದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಆರಂಭದಲ್ಲಿ ಈ ವೇಗ ನಾಚಿಕೆಯಾಗುವಷ್ಟು ಕಡಿಮೆ ಎನಿಸಬಹುದು. ಪಕ್ಕದಲ್ಲಿ ನಡೆಯುವವರೇ ಮುಂದೆ ಹೋಗಬಹುದು. ಸಹಿಸಿಕೊಳ್ಳಬೇಕು. ಹೆಜ್ಜೆ ಚಿಕ್ಕದಾಗಿರಲಿ, ಪಾದವನ್ನು ದೂರಕ್ಕೆ ಚಾಚದೆ ದೇಹದ ಕೆಳಗೇ ಊರಬೇಕು. ಭುಜ ಸಡಿಲವಾಗಿ, ದೃಷ್ಟಿ ಮುಂದಕ್ಕೆ ಇರಲಿ.

ಪೊಲೀಸ್ ಪರೀಕ್ಷೆಯ ಅಭ್ಯರ್ಥಿಗಳಿಗೆ

ಕರ್ನಾಟಕದ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳಲ್ಲಿ, ಮಹಿಳೆಯರು 400 ಮೀಟರ್ ದೂರವನ್ನು 2 ನಿಮಿಷಗಳಲ್ಲಿ ಓಡುವ ಪರೀಕ್ಷೆ ಇದೆ. ಅರ್ಜಿ ಸಲ್ಲಿಸುವವರು ಆಯಾ ಅಧಿಸೂಚನೆಯನ್ನು ಓದಿ ಖಚಿತಪಡಿಸಿಕೊಳ್ಳಬೇಕು. ಪುರುಷರ ಲೆಕ್ಕ ನಾಲ್ಕು ಸುತ್ತು, ಪ್ರತಿ ಸುತ್ತಿಗೆ ಸರಾಸರಿ ತೊಂಬತ್ತೇಳೂವರೆ ಸೆಕೆಂಡು. ಇದು ಮಾತನಾಡುತ್ತ ಓಡುವ ವೇಗವಲ್ಲ. ಆದರೂ ಇದರ ಅಡಿಪಾಯ ಮೇಲಿನ ಹತ್ತು ವಾರಗಳೇ. ಅವು ಮುಗಿದ ಮೇಲೆ ವಾರದ ಮೂರು ಓಟಗಳಲ್ಲಿ ಒಂದನ್ನು ಮಾತ್ರ ವೇಗಕ್ಕೆ ಮೀಸಲಿಡಬೇಕು. 400 ಮೀಟರನ್ನು 95 ಸೆಕೆಂಡಿನ ಆಸುಪಾಸಿನಲ್ಲಿ ಓಡಿ, 3 ನಿಮಿಷ ನಡೆದು, ಹೀಗೆ ನಾಲ್ಕು ಸಲ ಮಾಡಬೇಕು. ಉಳಿದೆರಡು ದಿನ ನಿಧಾನದ ಓಟವೇ ಇರಲಿ. ಆದ್ದರಿಂದ ಲಿಖಿತ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಅರ್ಜಿ ಹಾಕಿದ ದಿನವೇ ನಿಧಾನದ ಓಟವನ್ನು ಆರಂಭಿಸಬೇಕು.

ಆಹಾರ, ನೀರು, ನಿದ್ರೆ

ಓಟಗಾರರಿಗೆಂದು ಮಾರುವ ಪುಡಿ ಡಬ್ಬಗಳ ಅಗತ್ಯ ಹೊಸಬರಿಗೆ ಇಲ್ಲ. ಜೋಳದ ರೊಟ್ಟಿ, ಅನ್ನ, ಬೇಳೆ, ಮೊಳಕೆಯೊಡೆದ ಹೆಸರುಕಾಳು, ಶೇಂಗಾ, ಮೊಸರು, ಸೊಪ್ಪು ಇರುವ ನಮ್ಮ ಊಟ 5 ಕಿ.ಮೀ. ಓಟಕ್ಕೆ ಸಾಕಾಗುತ್ತದೆ. ನಸುಕಿನ ಓಟಕ್ಕೆ ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು ತಿನ್ನಬಹುದು. ಓಟ ಮುಗಿಸಿದ ಖುಷಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿಗೆ ಕೂರುವುದು ನಮ್ಮೂರಿನ ವಾಡಿಕೆ. ಎಂದಾದರೊಮ್ಮೆ ಸರಿ, ದಿನಾಲೂ ಆದರೆ ತೂಕ ಇಳಿಸುವ ಆಸೆ ಅಲ್ಲಿಗೇ ಮುಗಿಯಿತು.

ನೀರನ್ನು ದಿನವಿಡೀ ಬಾಯಾರಿಕೆಗೆ ತಕ್ಕಂತೆ ಕುಡಿಯಬೇಕು. ಓಟದ ಮುನ್ನ ಒಮ್ಮೆಲೇ ಲೀಟರ್‌ಗಟ್ಟಲೆ ಕುಡಿಯುವುದರಿಂದ ಹೊಟ್ಟೆ ಕುಲುಕುತ್ತದೆ. ಅಳತೆ ಮೀರಿದರೆ ರಕ್ತದ ಉಪ್ಪಿನಂಶ ಇಳಿದು ಅಪಾಯವೂ ಆಗಬಹುದು. ಹೆಚ್ಚು ಬೆವರಿದ ದಿನ ಉಪ್ಪು ಹಾಕಿದ ಮಜ್ಜಿಗೆ ಉತ್ತಮ. ತೀರಾ ಬಳಲಿದರೆ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟು ನೀರಿನಲ್ಲಿ ಕರಗಿಸಿ ಕುಡಿಯಬೇಕು. ಅದು ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಬಹುದು. ತಂಬಾಕು, ಗುಟ್ಕಾ ಬಿಡದೆ ಓಟದ ಫಲ ಪೂರ್ಣವಾಗಿ ಸಿಗದು. ನಸುಕಿನಲ್ಲಿ ಏಳಬೇಕಾದವರು ರಾತ್ರಿ ಬೇಗ ಮಲಗಬೇಕು; ನಿದ್ರೆಗೆಟ್ಟ ದಿನ ಓಟ ಬೇಡ.

ನಿಲ್ಲಿಸಬೇಕಾದ ಸೂಚನೆಗಳು

ತೊಡೆ, ಮೀನಖಂಡಗಳಲ್ಲಿ ಎರಡೂ ಕಾಲಿಗೆ ಸಮನಾಗಿ ಕಾಣುವ ಬಿಗಿತ ಸಹಜವಾದುದು; ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ಓಡಿದಷ್ಟೂ ಹೆಚ್ಚುವ ನೋವು ಸಹಜವಲ್ಲ. ಅಂಥ ನೋವಿಗೆ ಮಾತ್ರೆ ನುಂಗಿ ಓಡಬಾರದು. ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಎದೆಯ ಒತ್ತಡ, ದವಡೆ ಅಥವಾ ಎಡತೋಳಿಗೆ ಹರಿಯುವ ನೋವು, ಕಣ್ಣು ಕತ್ತಲಿಡುವುದು ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬಿಸಿಯಲ್ಲಿ ಓಡುವವನು ತಬ್ಬಿಬ್ಬಾಗಿ ಮಾತನಾಡಿದರೆ, ತೂರಾಡಿದರೆ, ಕುಸಿದರೆ ಅದು ಉಷ್ಣಾಘಾತ ಇರಬಹುದು. ಆಗ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಕಾಯದೆ ನೆರಳಿಗೆ ತಂದು, ಮೈಮೇಲೆ ಧಾರಾಳವಾಗಿ ತಣ್ಣೀರು ಸುರಿದು ಗಾಳಿ ಹಾಕಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಮೈಯನ್ನು ಬೇಗ ತಣಿಸುವುದರಲ್ಲಿಯೇ ಪ್ರಾಣ ಉಳಿಯುವುದಿದೆ.

ಓಟದ ದಿನ

ಹೊಸ ಬೂಟು, ಹೊಸ ತಿಂಡಿ ಯಾವುದನ್ನೂ ಅಂದು ಮೊದಲ ಬಾರಿಗೆ ಪ್ರಯತ್ನಿಸಬಾರದು. ಒಂದು ಗಂಟೆ ಮುಂಚೆ ಹೋಗಿ, ದಾರಿ ಕೇಳಿ ತಿಳಿದುಕೊಂಡು, ಹಿಂದಿನ ಸಾಲಿನಲ್ಲಿ ನಿಲ್ಲಬೇಕು. ಆರಂಭದ ಸೀಟಿ ಊದಿದೊಡನೆ ಎಲ್ಲರೂ ಧಾವಿಸುತ್ತಾರೆ. ಹೊಸಬರು ಕೆಡುವುದು ಆ ಮೊದಲ ಅರ್ಧ ಕಿಲೋಮೀಟರಿನಲ್ಲಿಯೇ. ಹೋಗುವವರು ಹೋಗಲಿ. ಅಭ್ಯಾಸದಲ್ಲಿದ್ದಂತೆ 5 ನಿಮಿಷ ಓಡಿ 2 ನಿಮಿಷ ನಡೆಯುತ್ತ ಸಾಗಬೇಕು. ಕೊನೆಯ ಒಂದು ಕಿಲೋಮೀಟರಿನಲ್ಲಿ ಶಕ್ತಿ ಉಳಿದಿದ್ದರೆ ಆಗ ನಡಿಗೆ ಬಿಟ್ಟು ಓಡಬಹುದು. ಕಿಲೋಮೀಟರಿಗೆ ಏಳೂವರೆ ನಿಮಿಷದಂತೆ ಹೋದವರು ಮೂವತ್ತೇಳೂವರೆ ನಿಮಿಷಗಳಲ್ಲಿ ಮುಗಿಸುತ್ತಾರೆ. ಚುರುಕಾಗಿ ನಡೆದೇ ಹೋದವರಿಗೂ ಸುಮಾರು 50 ನಿಮಿಷ ಸಾಕು. ಮುಗಿಸಿದ ಕೂಡಲೇ ಕುಳಿತುಬಿಡದೆ ಐದಾರು ನಿಮಿಷ ನಡೆಯಬೇಕು.

ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ದಿನವಿಡೀ ಹೊಲಿಗೆಯಂತ್ರದ ಮುಂದೆ ಕುಳಿತು ದುಡಿಯುವ, ನಲವತ್ತು ದಾಟಿದ ತಾಯಿಯೊಬ್ಬರು ವೈದ್ಯರ ಒಪ್ಪಿಗೆ ಪಡೆದು ಇದೇ ಕ್ರಮದಲ್ಲಿ ಅಭ್ಯಾಸ ಮಾಡಿದರು. ಹತ್ತು ವಾರ ಅವರಿಗೆ ಹದಿನಾಲ್ಕು ವಾರವಾಯಿತು. 5 ಕಿ.ಮೀ. ದೂರವನ್ನು 46 ನಿಮಿಷಗಳಲ್ಲಿ ಮುಗಿಸಿದರು. ಅವರ ಹಿಂದೆ ಬಂದವರು ಬೆರಳೆಣಿಕೆಯಷ್ಟು ಜನ. ಮರುದಿನ ಕಾಲು ನೋವಿಲ್ಲದೆ ಎಂದಿನಂತೆ ಕಾಯಕಕ್ಕೆ ಹೋದರು. ಮೊದಲ ಓಟದಲ್ಲಿ ಇದಕ್ಕಿಂತ ದೊಡ್ಡ ಬಹುಮಾನ ಬೇಕಿಲ್ಲವೆಂದು ನಾವು ಭಾವಿಸುತ್ತೇವೆ.

ಸಿರುಗುಪ್ಪದ ಆ ಯುವಕನು ನಾಲ್ಕು ತಿಂಗಳು ವಿಶ್ರಾಂತಿ ಪಡೆದು, ವೈದ್ಯರು ಅನುಮತಿಸಿದ ಬಳಿಕ ಪುನಃ ಮೈದಾನಕ್ಕೆ ಇಳಿದಿದ್ದಾನೆ. ಈಗ ಅವನ ಕಾಲಲ್ಲಿ ತನ್ನ ಅಳತೆಯ ಬೂಟು ಇದೆ. ಮುಂದಿನ ಅಧಿಸೂಚನೆ ಇನ್ನೂ ಬಂದಿಲ್ಲ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ ಅವನು ಆರಂಭಿಸಿದ್ದಾನೆ.